ಧಾರವಾಡದ ಮಾನಸಿಕ ಆಸ್ಪತ್ರೆಯ ವಾಸ: ಕಾಯಿದೆಯ ಇತಿಹಾಸದಿಂದ ಒಂದು ವಿವೇಚನೆ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳ್ಳಿಗರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯನ್ನು ‘ಹುಚ್ಚಾಸ್ಪತ್ರೆ’ ಎಂದೇ ಕರೆಯುತ್ತ ಬಂದಿದ್ದಾರೆ. ಒಮ್ಮೆ ಒಳಹೊಕ್ಕವನು ಹೊರಬರಲಾರನೆಂಬ ಭಯವು ಆ ಹೆಸರಿನಲ್ಲಿ ಅಡಗಿದೆ. ಈ ಭಯವು ತೀರ ನಿರಾಧಾರವಾದುದಲ್ಲ. ಆದರೆ ಅದಕ್ಕೆ ಆಧಾರವಾಗಿದ್ದ ಕಾಯಿದೆಗಳು ಇಂದು ಉಳಿದಿಲ್ಲ. ಅಲ್ಲಿಯ ವಾಸದ ಸ್ವರೂಪವು ಹೇಗೆ ಮಾರ್ಪಟ್ಟಿತೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಈ ಸಂಸ್ಥೆಯು 1845ರಲ್ಲಿ ಮುಂಬಯಿ ಇಲಾಖೆಯ ಆಡಳಿತದಲ್ಲಿ ಲ್ಯುನ್ಯಾಟಿಕ್ ಅಸೈಲಮ್ ಎಂಬ ಹೆಸರಿನಿಂದ ಸ್ಥಾಪಿತವಾಯಿತು. 1858ರ 36ನೆಯ ಕಾಯಿದೆಯ ಮೇರೆಗೆ, ಅಲೆದಾಡುವ ಇಲ್ಲವೆ ಅಪಾಯಕಾರಿಯೆಂದು ತೋರುವ ಬುದ್ಧಿವಿಕಲರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬೇಕಾಗಿತ್ತು. ವೈದ್ಯನ ಪ್ರಮಾಣಪತ್ರವಿದ್ದರೆ ಮ್ಯಾಜಿಸ್ಟ್ರೇಟನ ಆಜ್ಞೆಯಿಂದ ಪ್ರವೇಶವಾಗುತ್ತಿತ್ತು. ರೋಗಿಯ ಇಚ್ಛೆಗೆ ಅಲ್ಲಿ ಸ್ಥಾನವಿರಲಿಲ್ಲ. 1912ರ ಕಾಯಿದೆಯು ಸ್ವಇಚ್ಛೆಯಿಂದ ಬರುವವರಿಗೆ ಒಂದು ಕಿರುದಾರಿಯನ್ನು ತೆರೆಯಿತು: ಇಬ್ಬರು ಸಂದರ್ಶಕರ ಒಪ್ಪಿಗೆಯಿಂದ ಪ್ರವೇಶ, ಲಿಖಿತ ಸೂಚನೆ ಕೊಟ್ಟ 24 ತಾಸುಗಳೊಳಗೆ ಬಿಡುಗಡೆ. ಉಳಿದವರಿಗೆ ಮ್ಯಾಜಿಸ್ಟ್ರೇಟನ ಆಜ್ಞೆಯೇ ಮುಖ್ಯ ದ್ವಾರವಾಗಿ ಮುಂದುವರಿಯಿತು. 1987ರ ಕಾಯಿದೆಯು 1993ರ ಎಪ್ರಿಲ್ 1ರಂದು ಜಾರಿಗೆ ಬರುವ ವರೆಗೆ, ಎಂದರೆ ಎಂಟು ದಶಕಗಳ ಕಾಲ, ಇದೇ ವ್ಯವಸ್ಥೆ ನಡೆಯಿತು. ಇಂದಿನ ಹಿರಿಯರ ನೆನಪಿನಲ್ಲಿರುವ ಆಸ್ಪತ್ರೆಯು ಈ ಕಾಲದ್ದೆಂಬುದನ್ನು ನಾವು ಮರೆಯಲಾಗದು.

ಈ ನಡುವೆ ಚಿಕಿತ್ಸೆಯೂ ಬದಲಾಯಿತು. 1952ರಲ್ಲಿ ಮನೋರೋಗಕ್ಕೆ ಬಳಕೆಗೆ ಬಂದ ಕ್ಲೋರ್‌ಪ್ರೊಮಜಿನ್ ಮೊದಲಾದ ಔಷಧಗಳಿಂದ, ದೀರ್ಘಕಾಲ ಕೂಡಿಹಾಕುವ ಅವಶ್ಯಕತೆ ಕ್ರಮೇಣ ತಗ್ಗಿತು. 2009ರಲ್ಲಿ ಧಾರವಾಡದ ಆಸ್ಪತ್ರೆಯು ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನಗಳ ಸಂಸ್ಥೆಯಾಗಿ ಮೇಲ್ದರ್ಜೆಗೇರಿತು.

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಾಸದ ಅರ್ಥವನ್ನೇ ತಿರುಗಿಸಿತೆನ್ನಬಹುದು. ವಯಸ್ಕ ರೋಗಿಯು ತಾನಾಗಿಯೇ ಸೇರಬಹುದು, ತಾನಾಗಿಯೇ ಹೊರಡಬಹುದು. ಅಪಾಯವೇ ಮೊದಲಾದ ಗೊತ್ತಾದ ಕಾರಣಗಳಿದ್ದರೆ ಮಾತ್ರ ಪರೀಕ್ಷೆಗಾಗಿ 24 ತಾಸು ತಡೆಯಬಹುದು. ತೀವ್ರ ವ್ಯಾಧಿಯಿಂದ ನಿರ್ಧಾರ ಕೈಗೊಳ್ಳಲಾರದವನನ್ನು ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿದ ತರುವಾಯ, 30 ದಿನಗಳ ವರೆಗೆ ಸೇರಿಸಿಕೊಳ್ಳಬಹುದು. ಅದಕ್ಕೂ ಮೀರಿದರೆ ಪುನರ್ವಿಮರ್ಶಾ ಮಂಡಳಿಯ ಅನುಮತಿ ಬೇಕು. ಒಳಗೆ ಸರಪಳಿಗೂ ಏಕಾಂತ ಬಂಧನಕ್ಕೂ ಅವಕಾಶವಿಲ್ಲ. ತಲೆ ಬೋಳಿಸುವಂತಿಲ್ಲ; ರೋಗಿಯು ತನ್ನದೇ ಉಡುಪು ಧರಿಸಬಹುದು; ಬಂದವರನ್ನು ಕಾಣಬಹುದು; ದುಡಿಸಿಕೊಂಡರೆ ಕೂಲಿ ಕೊಡಬೇಕು. ಜನರು ಅತಿಯಾಗಿ ಅಂಜುವ ವಿದ್ಯುತ್ ಚಿಕಿತ್ಸೆಯನ್ನು ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧವಿಲ್ಲದೆ ಕೊಡುವುದು ನಿಷಿದ್ಧ.

ಮನೆಯವರು ಒಲ್ಲರೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದೆಂದೂ ಈ ಕಾಯಿದೆ ಹೇಳುತ್ತದೆ. ಇಲ್ಲಿ ಕಾಯಿದೆಯ ಬಲ ಊರಿನ ಮನಸ್ಸನ್ನು ಅವಲಂಬಿಸುತ್ತದೆ. ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಿದಷ್ಟೂ ವ್ಯಾಧಿ ಬಲಿಯುತ್ತದೆ. ಮರಳಿ ಬಂದವನನ್ನು ಹಳೆಯ ಹೆಸರಿನಿಂದ ಕರೆದಷ್ಟೂ ಅವನ ಗುಣ ಅಪೂರ್ಣವಾಗುತ್ತದೆ. ಹಳ್ಳಿಗಳೊಡನೆ ಬಳಕೆಯುಳ್ಳ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವ್ಯತ್ಯಾಸವನ್ನು ತಿಳಿಸಿಕೊಟ್ಟರೆ, ಇತಿಹಾಸದ ಅಭ್ಯಾಸವು ಒಂದು ಪ್ರತ್ಯಕ್ಷ ಉಪಕಾರವನ್ನು ಮಾಡಿದಂತಾಗುವುದು.