ಪದ್ಮಿನಿಯ ಕಮಾನು
ಇಟಲಿಯ ಫಿಯಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿತ್ತು. 1974ರಿಂದ ಅದು ಪ್ರೀಮಿಯರ್ ಪದ್ಮಿನಿಯಾಯಿತು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಆ ಕಾಲದಲ್ಲಿ ಹಳೆಯದನ್ನೇ ಬಲಪಡಿಸುವುದು ಶೋಕಿಯಲ್ಲ, ಅನಿವಾರ್ಯವಾಗಿತ್ತು.

ಎತ್ತಿನ ಬಂಡಿಯಂತೆ ಅದರ ಹಿಂದಿನ ಎರಡು ಚಕ್ರಗಳಿಗೂ ಒಂದೇ ಅಚ್ಚು. ಅದರ ಭಾರ ಹೊರುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನ್ ಪಟ್ಟಿಗಳು. ಫಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲೇ. ಟ್ಯಾಕ್ಸಿಯ ಭಾರಕ್ಕೆ ಕಮಾನು ಕುಸಿದರೆ ಇನ್ನೊಂದು ಪಟ್ಟಿ ಸೇರಿಸಬಹುದು. ಆಗ ಕಾರು ಎತ್ತರ ನಿಲ್ಲುತ್ತದೆ, ಸವಾರಿ ಮಾತ್ರ ಒರಟಾಗುತ್ತದೆ.

ಅಚ್ಚಿನ ನಡುವಿನ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಚಕ್ರವನ್ನು ಒಳಚಕ್ರಕ್ಕಿಂತ ವೇಗವಾಗಿ ಓಡಲು ಬಿಡುತ್ತದೆ. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ ಇದನ್ನು ಉಗಿಯಿಂದ ಓಡುವ ಗಾಡಿಗಾಗಿ ರೂಪಿಸಿದ. ಇದರೊಳಗಿನ ಕ್ರೌನ್-ಪಿನಿಯನ್ ಹಲ್ಲುಗಳ ಲೆಕ್ಕ ಬದಲಿಸಿದರೆ ಎಂಜಿನ್ ಕಡಿಮೆ ತಿರುಗಿಯೂ ಕಾರು ಅಷ್ಟೇ ವೇಗವಾಗಿ ಓಡುತ್ತದೆ. ಆದರೆ ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕೆಂಬ ಈ ಗಣಿತವನ್ನು ಎಷ್ಟೋ ಮಿಸ್ತ್ರಿಗಳು ಕಲಿತದ್ದು ಶಾಲೆಯಲ್ಲಲ್ಲ, ಕಾರಿನ ಅಡಿಯಲ್ಲಿ ಮಲಗಿ.

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದವು. ಪತ್ರಿಕೆಗಳು ಕಾರಿಗೆ ವಿದಾಯ ಬರೆದವು. ಅದನ್ನು ಅಷ್ಟು ಕಾಲ ಓಡಿಸಿದ ಎಣ್ಣೆ ಮೆತ್ತಿದ ಕೈಗಳ ಚರಿತ್ರೆಯನ್ನು ಬರೆಯುವವರು ಯಾರು?