ಆಲ್ ಸೇಂಟ್ಸ್ ಸ್ಮಶಾನ, ಡನ್‌ವಿಚ್

ಇಂಗ್ಲೆಂಡಿನ ಸಫೊಕ್ ಕರಾವಳಿಯ ಡನ್‌ವಿಚ್‌ನಲ್ಲಿದ್ದ ಆಲ್ ಸೇಂಟ್ಸ್ ಚರ್ಚಿನ ಸ್ಮಶಾನದ ಅಳಿದುಳಿದ ಅಂಚು ಇದು. ಚರ್ಚು ಕಡಲು ಸೇರಿದೆ. ಮಧ್ಯಯುಗದಲ್ಲಿ ಡನ್‌ವಿಚ್ ದೊಡ್ಡ ಬಂದರು ಪಟ್ಟಣ. 1286 ಮತ್ತು 1328ರ ಬಿರುಗಾಳಿಗಳು ಊರನ್ನೂ ಬಂದರನ್ನೂ ಕೆಡಿಸಿದವು.

ಸ್ಮಶಾನವಿರುವ ಈ ಕಡಲಂಚಿನ ದಿಣ್ಣೆಯಲ್ಲಿ ಗಟ್ಟಿ ಬಂಡೆಯೇ ಇಲ್ಲ. ಬರೀ ಮರಳು, ಉರುಟು ಕಲ್ಲು. ಅಲೆ ಬುಡ ಕೊರೆದಂತೆ ಮೇಲಿನ ಮಣ್ಣು ಕುಸಿಯುತ್ತದೆ. 18ನೇ ಶತಮಾನದಲ್ಲೇ ಚರ್ಚಿನ ಪ್ರಾರ್ಥನೆ ನಿಂತುಹೋಯಿತು. ಆದರೂ 1820ರ ದಶಕದವರೆಗೆ ಊರವರು ತಮ್ಮವರನ್ನು ಇಲ್ಲಿಯೇ ಮಣ್ಣು ಮಾಡಿದರು. ಈ ನೆಲದೊಂದಿಗಿನ ಅವರ ನಂಟು ಅಷ್ಟು ಗಾಢ. 1904ರಲ್ಲಿ ದಿಣ್ಣೆಯ ಅಂಚು ಚರ್ಚನ್ನು ಮುಟ್ಟಿತು. 1919ರಲ್ಲಿ ಗೋಪುರ ಉರುಳಿತು. ಗೋರಿಗಳೂ ಒಂದೊಂದಾಗಿ ಜಾರಿದವು, ದಿಣ್ಣೆಯ ಮೈಯಲ್ಲಿ ಮೂಳೆಗಳು ಹೊರಚಾಚಿದವು. ಉಳಿದ ಕೊನೆಯ ಗೋರಿಯೆಂದು ಹೆಸರಾದದ್ದು 1796ರಲ್ಲಿ ತೀರಿಕೊಂಡ ಜೇಕಬ್ ಫಾರ್ಸ್ಟರ್‌ನದು.

ಚರ್ಚಿನ ಒಂದು ಆಸರೆಗೋಡೆಯನ್ನು ಮಾತ್ರ ಉಳಿಸಿಕೊಂಡು, ಒಳನಾಡಿನ ಸೇಂಟ್ ಜೇಮ್ಸ್ ಚರ್ಚಿನ ಅಂಗಳದಲ್ಲಿ ನಿಲ್ಲಿಸಲಾಗಿದೆ. ತಪ್ಪದೆ ನೋಡಿ. ಅದರ ಚಕಮಕಿ ಕಲ್ಲುಗಳನ್ನು ಹತ್ತಿರದಿಂದ ಗಮನಿಸಿ: ಹೊರಗೆ ಬಿಳಿಚಿದ ಸಿಪ್ಪೆ, ಒಡೆದಲ್ಲಿ ಗಾಜಿನಂಥ ಕಪ್ಪು ಹೊಳಪು.

ದಿಣ್ಣೆಯ ಅಂಚಿಗೆ ಹೋಗಬೇಡಿ. ಕೆಳಗಿನ ತೀರದಲ್ಲಿ ಮೂಳೆ ಕಂಡರೆ ಮುಟ್ಟದೆ ಸಂಬಂಧಪಟ್ಟವರಿಗೆ ತಿಳಿಸಿ. ಅವು ಈ ಊರಿನ ಹಿರಿಯರವು.