ಸಕ್ಕರೆ ಲೆಕ್ಕದಲ್ಲಿ ಮಿದುಳಿನ ಪಾಲು

ಪ್ಯಾರಿಸ್ಸಿನ ಕ್ಲಾದ್ ಬರ್ನಾರ್ 1849ರಲ್ಲಿ ಮೊಲವೊಂದರ ತಲೆಯ ಹಿಂಬದಿಯಿಂದ ಸೂಜಿ ಇಳಿಸಿ, ಮಿದುಳಿನ ನಾಲ್ಕನೇ ಕುಹರದ ತಳಕ್ಕೆ ಚುಚ್ಚಿದ. ಸ್ವಲ್ಪ ಹೊತ್ತಿನಲ್ಲೇ ಮೊಲದ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಸಕ್ಕರೆ ಕಾಯಿಲೆಯಲ್ಲಿ ಮಿದುಳಿನ ಕೈವಾಡವಿದೆ ಎಂಬ ಅನುಮಾನ ಬಲವಾದದ್ದು ಹಾಗೆ.

ಆ ಅನುಮಾನ ಮೂಲೆ ಸೇರಲು ನಲವತ್ತು ವರ್ಷ ಸಾಕಾಯಿತು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರು, ನಾಯಿಗೆ ಮಧುಮೇಹ ಬಂತು. 1922ರ ಜನವರಿಯಲ್ಲಿ ಟೊರಾಂಟೊದ ಹದಿನಾಲ್ಕರ ಹುಡುಗನೊಬ್ಬನಿಗೆ ಅದೇ ಗ್ರಂಥಿಯ ಇನ್ಸುಲಿನ್ ಚುಚ್ಚಿದರು. ಸಾವಿನಂಚಿನ ಮಕ್ಕಳು ಎದ್ದು ಓಡಾಡತೊಡಗಿದ ಮೇಲೆ ಮೊಲದ ಮಿದುಳು ಯಾರಿಗೆ ಬೇಕಿತ್ತು? ನನ್ನ ಮಟ್ಟಿಗೆ, ಮಿದುಳನ್ನು ಮರೆಸಿದ್ದು ಇನ್ಸುಲಿನ್ನಿನ ಗೆಲುವೇ.

ಮಿದುಳು ಮತ್ತೆ ಚರ್ಚೆಗೆ ಬಂದದ್ದು ಹಸಿವಿನ ದಾರಿಯಲ್ಲಿ. ಬಿ. ಕೆ. ಆನಂದ್ ಮತ್ತು ಬ್ರೋಬೆಕ್ 1951ರಲ್ಲಿ ಇಲಿಯ ಹೈಪೊಥಲಾಮಸ್‌ನ ಅಂಚಿನ ಭಾಗಕ್ಕೆ ಗಾಯ ಮಾಡಿದಾಗ ಅದು ತಿನ್ನುವುದನ್ನೇ ಬಿಟ್ಟಿತು. ದೆಹಲಿಯ ಏಮ್ಸ್‌ಗೆ ಬಂದ ಆನಂದ್, ಗ್ಲೂಕೋಸ್ ಏರಿದಂತೆ ಹೈಪೊಥಲಾಮಸ್‌ನ ವಿದ್ಯುತ್ ಚಟುವಟಿಕೆ ಬದಲಾಗುವುದನ್ನು 1962ರಲ್ಲಿ ದಾಖಲಿಸಿದರು. ನಮ್ಮಲ್ಲಿ ಈ ಕೆಲಸವನ್ನು ನೆನೆಯುವವರು ಕಡಿಮೆ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಎರಡು ಬಗೆಯ ಡುಮ್ಮ ಇಲಿಗಳಿದ್ದವು. ಡಗ್ಲಸ್ ಕೋಲ್ಮನ್ ಅವುಗಳನ್ನು ಜೋಡಿ ಮಾಡಿ, ಮಗ್ಗುಲಿಗೆ ಮಗ್ಗುಲು ಸೇರಿಸಿ ಹೊಲಿದರು, ಒಂದರ ರಕ್ತ ಇನ್ನೊಂದಕ್ಕೆ ಹರಿಯಲೆಂದು. ಒಂದು ಇಲಿ ತಿನ್ನುತ್ತಲೇ ಹೋಯಿತು. ಅದರ ಜೊತೆಯದು ಮೇವು ಎದುರಿಗಿದ್ದರೂ ಮೂಸದೆ, ಬಡಕಲಾಗಿ ಸತ್ತಿತು. ಸತ್ತದ್ದರಲ್ಲಿ ಹೊಟ್ಟೆ ತುಂಬಿತೆಂಬ ಸಂದೇಶವೇ ಇಲ್ಲ, ತಿನ್ನುತ್ತಲೇ ಹೋದದ್ದರಲ್ಲಿ ಸಂದೇಶ ತುಂಬಿ ತುಳುಕುತ್ತಿದೆ, ಕೇಳುವ ಕಿವಿ ಇಲ್ಲ ಎಂದು ಅವರು ತರ್ಕಿಸಿದರು. ಆ ಸಂದೇಶದ ಗುರುತು ಸಿಕ್ಕಿದ್ದು 1994ರಲ್ಲಿ: ಕೊಬ್ಬಿನ ಕೋಶಗಳು ಸುರಿಸುವ ಲೆಪ್ಟಿನ್. ಕಂಡವರು ಜೆಫ್ರಿ ಫ್ರೀಡ್‌ಮನ್ ತಂಡ. ಬೊಜ್ಜಿಗೆ ಮದ್ದು ಸಿಕ್ಕಿತೆಂಬ ಸಂಭ್ರಮ ಮಾತ್ರ ಬೇಗ ಇಳಿಯಿತು. ದಪ್ಪಗಿರುವ ಬಹುತೇಕರಲ್ಲಿ ಲೆಪ್ಟಿನ್ ಬೇಕಾದಷ್ಟಿದೆ, ಅದರ ಮಾತು ಮಿದುಳಿಗೆ ನಾಟುತ್ತಿಲ್ಲ, ಅಷ್ಟೆ.

ಅಷ್ಟರಲ್ಲಿ ಇನ್ಸುಲಿನ್ನೂ ಮಿದುಳಿಗೆ ಮರಳಿತ್ತು. ಮಿದುಳಿನ ಉದ್ದಗಲಕ್ಕೂ ಅದರ ಗ್ರಾಹಿಗಳಿವೆಯೆಂದು 1978ರಲ್ಲೇ ಗೊತ್ತಾಗಿತ್ತು. 2000ದಲ್ಲಿ ಬ್ರೂನಿಂಗ್ ತಂಡ ನರಕೋಶಗಳಲ್ಲಿ ಮಾತ್ರ ಆ ಗ್ರಾಹಿಯನ್ನು ಅಳಿಸಿದಾಗ ಇಲಿಗಳು ಕೊಬ್ಬಿದವು, ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಾದವು. ಎರಡು ವರ್ಷದ ಬಳಿಕ ರೊಸೆಟ್ಟಿ ತಂಡ ಹೈಪೊಥಲಾಮಸ್‌ಗೆ ಇನ್ಸುಲಿನ್ ತಲುಪಿಸಿದರೆ ಲಿವರ್ ಸಕ್ಕರೆ ಬಿಡುವುದು ತಗ್ಗುತ್ತದೆ ಎಂದು ತೋರಿಸಿತು. ಆಜ್ಞೆ ಸಾಗುವುದು ವೇಗಸ್ ನರದ ಮೂಲಕ. ಆದರೆ ಇವೆಲ್ಲ ಇಲಿಗಳ ಕಥೆ. ನಾಯಿಗಳಲ್ಲಿ ಅಳೆದ ಚೆರಿಂಗ್ಟನ್ ತಂಡಕ್ಕೆ ಲಿವರ್ ಮೇಲೆ ಇನ್ಸುಲಿನ್ನಿನ ನೇರ ಹಿಡಿತವೇ ಮೇಲುಗೈ ಎನಿಸಿತು. ಜಗಳ ಮುಗಿದಿಲ್ಲ, ನನಗೆ ನಾಯಿಗಳ ಪಕ್ಷ ಹಗುರವಾಗಿ ಕಾಣುವುದಿಲ್ಲ.

ಈಚಿನ ಸೆಮಾಗ್ಲುಟೈಡ್‌ನಂಥ ಔಷಧಗಳು ಹುಟ್ಟಿದ್ದು ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ನಕಲುಗಳಾಗಿ, ಮಧುಮೇಹಕ್ಕೆಂದು. ತೆಗೆದುಕೊಂಡವರ ಊಟವೇ ಇಳಿಯಿತು. ಮಿದುಳಿನಲ್ಲಿ ಇವು ಹೋಗಿ ಕೂರುವ ಜಾಗಗಳಲ್ಲಿ ಒಂದು, ರಕ್ತದ ತಡೆಗೋಡೆ ತೆಳುವಾಗಿರುವ ಏರಿಯಾ ಪೋಸ್ಟ್ರೀಮಾ. ಅದಿರುವುದು ಬರ್ನಾರ್ ಸೂಜಿ ಚುಚ್ಚಿದ ನಾಲ್ಕನೇ ಕುಹರದ ತಳದಲ್ಲೇ, ಅದರ ಕೆಳತುದಿಯಲ್ಲಿ.